ಬೆಳಗಿನ ಓಟದ ಸುಖ ಮೊದಲ ಹತ್ತು ನಿಮಿಷದ ಆಚೆಗಿದೆ

ಪ್ರಶ್ನೆ: ವಯಸ್ಸು 42, ತೂಕ 74 ಕಿಲೋ, ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಮೂರು ವಾರದಿಂದ ಬೆಳಿಗ್ಗೆ ಐದೂವರೆಗೆ ಓಡುತ್ತಿದ್ದೇನೆ. ಐದು ಕಿಲೋಮೀಟರನ್ನು ಅರ್ಧ ಗಂಟೆಯಲ್ಲಿ ಮುಗಿಸಬೇಕೆಂಬ ಗುರಿ. ಬೆಳಗಿನ ಓಟದಲ್ಲಿ ಅದೇನೋ ಸುಖವಿದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಸಿಕ್ಕಿದ್ದು ಏದುಸಿರು, ಕಲ್ಲಿನಂತಾದ ಮೀನಖಂಡ, ಆಫೀಸಿನಲ್ಲಿ ತೂಕಡಿಕೆ. ಬಿಪಿ, ಸಕ್ಕರೆ ಇಲ್ಲ. ಆ ಸುಖ ಎಲ್ಲಿದೆ?

ಉತ್ತರ: ಸುಖ ಇದೆ. ನೀವು ಅದರ ಪಕ್ಕದಲ್ಲೇ ಜೋರಾಗಿ ಓಡಿಹೋಗುತ್ತಿದ್ದೀರಿ, ಅಷ್ಟೇ.

ಐದು ಕಿಲೋಮೀಟರಿಗೆ ಅರ್ಧ ಗಂಟೆ ಅಂದರೆ ಕಿಲೋಮೀಟರಿಗೆ ಆರು ನಿಮಿಷ. ಮೂರು ವಾರದ ಹಿಂದೆ ಶುರು ಮಾಡಿದ, 42 ವರ್ಷದ ಒಬ್ಬರಿಗೆ ಇದು ಅಭ್ಯಾಸದ ವೇಗವಲ್ಲ, ಪಂದ್ಯದ ವೇಗ. ದಿನಾ ಪಂದ್ಯ ಓಡಿದರೆ ದಿನಾ ಸೋತ ಹಾಗೆಯೇ ಅನಿಸುತ್ತದೆ. ನಿಮಗೀಗ ಬೇಕಾದದ್ದು ಎಂಟರಿಂದ ಎಂಟೂವರೆ ನಿಮಿಷದ ವೇಗ, ಅದೂ ನಡುನಡುವೆ ನಡಿಗೆ ಸೇರಿಸಿ. ಅಳೆಯಲು ಗಡಿಯಾರವೇ ಬೇಕೆಂದಿಲ್ಲ. ಓಡುತ್ತಲೇ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಬಂದರೆ ಸರಿಯಾದ ವೇಗ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಹೆಚ್ಚಾಯಿತು. ಹಾಡು ಹೇಳಲು ಬಂದರೆ ಸ್ವಲ್ಪ ಏರಿಸಬಹುದು. ಕೈಗಡಿಯಾರದಲ್ಲಿ ಎದೆಬಡಿತ ಕಾಣುತ್ತದೆ ಎನ್ನುವುದಾದರೆ, 208ರಿಂದ ವಯಸ್ಸಿನ 0.7 ಪಾಲನ್ನು ಕಳೆಯಿರಿ. ನಿಮಗೆ ಸುಮಾರು 179 ಬರುತ್ತದೆ, ಇದು ಅಂದಾಜು ಗರಿಷ್ಠ ಬಡಿತ. ಅದರ ಶೇ. 70ರಿಂದ 75, ಅಂದರೆ 125ರಿಂದ 135ರ ನಡುವೆ ಇರಿ. ಈ ಸೂತ್ರ ಹತ್ತು ಬಡಿತ ಆಚೀಚೆ ತಪ್ಪಬಹುದು. ಹಾಗಾಗಿ ಗಡಿಯಾರಕ್ಕೂ ಮಾತಿಗೂ ಜಗಳ ಬಂದಾಗ ಮಾತನ್ನೇ ನಂಬಿ.

ಇನ್ನು ಆ ಮೊದಲ ಹತ್ತು ನಿಮಿಷ. ಅದು ಯಾರಿಗೂ ಚೆನ್ನಾಗಿರುವುದಿಲ್ಲ, ವರ್ಷಗಟ್ಟಲೆ ಓಡಿದವರಿಗೂ. ದೇಹದ ಒಳಗಿನ ಉಷ್ಣತೆ ಅತ್ಯಂತ ಕೆಳಗಿಳಿಯುವುದು ನಸುಕಿನ ನಾಲ್ಕು-ಐದರ ಸುಮಾರಿಗೆ. ಎದ್ದಾಗ ಸ್ನಾಯುಗಳು ತಣ್ಣಗಿರುತ್ತವೆ, ಹಿಮ್ಮಡಿಯ ನರ ಬಿಗಿದಿರುತ್ತದೆ (ನರ ಎಂದು ನಾವು ಆಡುಮಾತಿನಲ್ಲಿ ಹೇಳುವುದು, ಅದು ನಿಜಕ್ಕೂ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು). ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಓಡಲು ತೊಡಗಿದ ಕೂಡಲೇ ಕಾಲು ಆಮ್ಲಜನಕ ಕೇಳುತ್ತದೆ, ಆದರೆ ಹೃದಯ ಮತ್ತು ಶ್ವಾಸಕೋಶ ಆ ಬೇಡಿಕೆಯನ್ನು ಪೂರೈಸುವ ಮಟ್ಟಕ್ಕೆ ಬರಲು ಎರಡು-ಮೂರು ನಿಮಿಷ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಲು ಸಾಲದಲ್ಲಿ ನಡೆಯುತ್ತದೆ. ವೇಗ ಹೆಚ್ಚಿದ್ದಷ್ಟೂ ಸಾಲ ದೊಡ್ಡದು, ಏದುಸಿರು ಅದರ ಬಡ್ಡಿ. ನೀವು ಮನೆ ಗೇಟಿನಿಂದಲೇ ಓಡಲು ಶುರು ಮಾಡುತ್ತಿದ್ದರೆ ನಿಮ್ಮ ಇಡೀ ಅರ್ಧ ಗಂಟೆ ಆ ಬಡ್ಡಿ ಕಟ್ಟುವುದರಲ್ಲೇ ಮುಗಿಯುತ್ತದೆ.

ಆದ್ದರಿಂದ ಮೊದಲ ಐದು ನಿಮಿಷ ನಡೆಯಿರಿ, ಬಸ್ಸು ಹಿಡಿಯಲು ಹೊರಟವರ ಹಾಗೆ. ಒಂದು ಕಟ್ಟೆಯ ಹತ್ತಿರ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ನಿಧಾನವಾಗಿ. ಇಳಿಸುವಾಗ ಮೂರು ಎಣಿಸಬೇಕು. ಕಂಬ ಹಿಡಿದು ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ ಬೀಸಿ. ಆಮೇಲೆ ಓಟ. ಬಗ್ಗಿ ಕಾಲ್ಬೆರಳು ಮುಟ್ಟುವ ಕಸರತ್ತು ಮಾತ್ರ ಈ ಹೊತ್ತಿಗೆ ಬೇಡ. ರಾತ್ರಿಯಿಡೀ ಮಲಗಿದಾಗ ಬೆನ್ನುಮೂಳೆಯ ಮಣಿಗಳ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿನಷ್ಟು ಹೆಚ್ಚು ಎತ್ತರ ಇರುವುದೇ ಅದಕ್ಕೆ. ಎದ್ದ ಮೊದಲ ಗಂಟೆಯಲ್ಲಿ ಪೂರ್ತಿ ಬಗ್ಗಿದರೆ ಆ ಬಿಲ್ಲೆಗಳ ಮೇಲೆ ಒತ್ತಡ ಹೆಚ್ಚು. ಅಂಥ ಸೆಳೆತಗಳೆಲ್ಲ ಓಟ ಮುಗಿದ ಮೇಲೆ.

ಹೀಗೆ ಮಾಡಿದರೆ ಹತ್ತು-ಹನ್ನೆರಡನೇ ನಿಮಿಷಕ್ಕೆ ಮೊದಲ ಸುಖ ಬರುತ್ತದೆ. ಉಸಿರು ತಾನಾಗಿ ಒಂದು ಲಯಕ್ಕೆ ಇಳಿಯುತ್ತದೆ, ಮೂರು ಹೆಜ್ಜೆಗೆ ಒಳಗೆ, ಎರಡು ಅಥವಾ ಮೂರು ಹೆಜ್ಜೆಗೆ ಹೊರಗೆ. ಭುಜ ಸಡಿಲಾಗುತ್ತದೆ, ಹೆಜ್ಜೆಯ ಸದ್ದು ದಪ್ ದಪ್ ಎನ್ನುವುದು ಬಿಟ್ಟು ಹಗುರಾಗುತ್ತದೆ. ಗಾಣಕ್ಕೆ ಎಣ್ಣೆ ಬಿದ್ದ ಹಾಗೆ. ಹೆಚ್ಚಿನವರು ಈ ಘಟ್ಟಕ್ಕೆ ಬರುವ ಮೊದಲೇ ಸುಸ್ತಾಗಿ ನಿಲ್ಲುತ್ತಾರೆ, ಓಟ ನನಗೆ ಹೇಳಿದ್ದಲ್ಲ ಎಂದುಕೊಳ್ಳುತ್ತಾರೆ.

ಎರಡನೆಯದು ಇನ್ನೂ ತಡವಾಗಿ, ಅರ್ಧ ಗಂಟೆ ದಾಟಿದ ಮೇಲೆ ಬರುವ ಒಂದು ತೆಳು ಹಿಗ್ಗು. ಇದನ್ನು ಎಂಡಾರ್ಫಿನ್ ಎಂಬ, ದೇಹದ್ದೇ ನೋವುನಿವಾರಕದ ಲೆಕ್ಕಕ್ಕೆ ಬರೆಯುವುದು ರೂಢಿ. ಆದರೆ ರಕ್ತದಲ್ಲಿ ಹರಿಯುವ ಎಂಡಾರ್ಫಿನ್ ದೊಡ್ಡ ಅಣು, ಮಿದುಳಿನ ಬೇಲಿಯನ್ನು ಸುಲಭವಾಗಿ ದಾಟದು. ಈಗಿನ ಸಂಶೋಧಕರು ಹೆಚ್ಚಾಗಿ ಬೆರಳು ತೋರಿಸುವುದು ನಮ್ಮ ದೇಹವೇ ತಯಾರಿಸುವ, ಕೊಬ್ಬಿನಲ್ಲಿ ಕರಗಿ ಮಿದುಳಿಗೆ ಸಲೀಸಾಗಿ ಸೇರುವ ಇನ್ನೊಂದು ವಸ್ತುವಿನತ್ತ. 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಾಫೆಲ್ ಮೆಶುಲಮ್ ಅವರ ತಂಡ ಅದನ್ನು ಗುರುತಿಸಿ ಇಟ್ಟ ಹೆಸರು ಅನಂದಮೈಡ್. ಹೌದು, ನಮ್ಮ 'ಆನಂದ'ವೇ. ಇದು ರಕ್ತದಲ್ಲಿ ಏರುವುದು ಮಧ್ಯಮ ವೇಗದ ಓಟದಲ್ಲಿ. ತೀರಾ ನಿಧಾನದ ನಡಿಗೆಯಲ್ಲೂ ಅಷ್ಟಾಗಿ ಇಲ್ಲ, ಜೀವ ಹಿಡಿದು ಓಡುವಾಗಲೂ ಅಷ್ಟಾಗಿ ಇಲ್ಲ. ನಿಮ್ಮ ಆರು ನಿಮಿಷದ ವೇಗಕ್ಕೂ ಆನಂದಕ್ಕೂ ಯಾಕೆ ಕೂಡಿಬರುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಚೆಂದದ ಕಾರಣ ಸಿಗಲಾರದು.

ಈ ಎರಡು ಸುಖ ಸಂಜೆ ಓಡಿದರೂ ಸಿಗುತ್ತವೆ. ಬೆಳಗಿಗೇ ಮೀಸಲಾದವು ಬೇರೆ ಇವೆ, ಅವು ಊರು ಮತ್ತು ಹೊತ್ತಿಗೆ ಸೇರಿದವು.

ಹೊತ್ತು ನೋಡಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ದಾವಣಗೆರೆ ಇರುವುದು 76ರ ಸ್ವಲ್ಪ ಈಚೆ. ಹಾಗಾಗಿ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದೆ. ಜೂನ್ ಆರಂಭದಲ್ಲಿ ಆರು ಗಂಟೆಗೆ ಒಂದೆರಡು ನಿಮಿಷ ಮೊದಲು ಹುಟ್ಟುವ ಸೂರ್ಯ ಜನವರಿ ಕೊನೆಯ ವಾರದಲ್ಲಿ 6:55ಕ್ಕೆ ಹುಟ್ಟುತ್ತಾನೆ. ಹುಟ್ಟುವ ಇಪ್ಪತ್ತೆರಡು-ಇಪ್ಪತ್ತಮೂರು ನಿಮಿಷ ಮೊದಲೇ ದಾರಿಯ ಗುಂಡಿ ಕಾಣುವಷ್ಟು ಬೆಳಕಿರುತ್ತದೆ. ವರ್ಷವಿಡೀ ಐದೂವರೆ ಎಂದು ಹಟ ಹಿಡಿಯುವುದಕ್ಕಿಂತ ಸೂರ್ಯೋದಯಕ್ಕೆ 25 ನಿಮಿಷ ಮೊದಲು ಹೊರಡುವುದು ಒಳ್ಳೆಯದು. ಬೇಸಿಗೆಯಲ್ಲಿ ಅದು ಐದೂವರೆ, ಚಳಿಗಾಲದಲ್ಲಿ ಆರೂವರೆ. ಕತ್ತಲಲ್ಲಿ ಶುರುವಾಗಿ ಬೆಳಕಲ್ಲಿ ಮುಗಿಯುವ ಓಟದ ರುಚಿಯೇ ಬೇರೆ. ಐದೂವರೆಗೇ ಹೊರಡಲೇಬೇಕಾದ ಜನವರಿಯ ದಿನಗಳಲ್ಲಿ ತಲೆ ಎತ್ತಿ ನೋಡಿ: ಉತ್ತರಕ್ಕೆ ಸಪ್ತರ್ಷಿಗಳು, ಪೂರ್ವದ ಕಡೆ ಎತ್ತರದಲ್ಲಿ ಕಿತ್ತಳೆ ಬಣ್ಣದ ಸ್ವಾತಿ, ದಕ್ಷಿಣಕ್ಕೆ ಬೆಳ್ಳಗೆ ಚಿತ್ತಾ.

ದಿನದ ಅತಿ ತಂಪು ಹೊತ್ತು ನಡುರಾತ್ರಿಯಲ್ಲ, ಸೂರ್ಯ ಹುಟ್ಟುವ ಆಸುಪಾಸು. ನೆಲ ರಾತ್ರಿಯಿಡೀ ಬಿಸಿ ಕಳೆದುಕೊಳ್ಳುತ್ತಲೇ ಇರುತ್ತದೆ. ತಣ್ಣನೆ ಗಾಳಿ ಭಾರ, ಅದು ನೀರಿನ ಹಾಗೆ ಇಳಿಜಾರು ಹುಡುಕಿ ತಗ್ಗಿನಲ್ಲಿ ನಿಲ್ಲುತ್ತದೆ. ಕೆರೆ ಅಂಗಳ, ಗದ್ದೆ ಬಯಲು ಬಂದಾಗ ಒಮ್ಮೆಲೇ ಮೊಣಕಾಲಿಗೆ ತಂಪು ತಾಗಿ, ಏರಿಯ ಮೇಲೆ ಹತ್ತಿದಾಗ ಅದು ಮಾಯವಾಗುವುದನ್ನು ಗಮನಿಸಿ. ಬೈಕಿನಲ್ಲಿ ಹೋಗುವವರಿಗೂ ಇದು ಗೊತ್ತು, ಆದರೆ ಅವರಿಗೆ ಒಂದು ಕ್ಷಣ, ಓಡುವವರಿಗೆ ಇಡೀ ಒಂದು ನಿಮಿಷ. ಚಿತ್ರದುರ್ಗದಲ್ಲಿ ಇದರ ತದ್ವಿರುದ್ಧವೂ ಇದೆ. ಏಪ್ರಿಲ್‌ನಲ್ಲಿ ಕೋಟೆ ಬದಿಯ ಬಂಡೆಗಳ ಹತ್ತಿರ ಓಡಿದರೆ ಹಿಂದಿನ ದಿನದ ಬಿಸಿಲು ಇನ್ನೂ ಕಲ್ಲಿನಲ್ಲಿ ಉಳಿದಿರುವುದು ಕೆನ್ನೆಗೆ ಗೊತ್ತಾಗುತ್ತದೆ.

ಕಿವಿಗೆ ಏನೂ ಸಿಕ್ಕಿಸಿಕೊಳ್ಳಬೇಡಿ. ವಾಹನದ ಸದ್ದು ಕೇಳಬೇಕು ಎನ್ನುವುದು ಒಂದು ಕಾರಣ, ಹಕ್ಕಿಗಳು ಇನ್ನೊಂದು. ಇನ್ನೂ ಕತ್ತಲಿರುವಾಗಲೇ ಕೂಗುವುದು ಕಾಜಾಣ. ಅದರ ಹಿಂದೆ ಮಡಿವಾಳ ಹಕ್ಕಿ, ಮೊಬೈಲ್ ಗೋಪುರವೋ ಟೆರೇಸಿನ ಕಂಬಿಯೋ ಎತ್ತರ ಇದ್ದಲ್ಲಿ ಕೂತು. ಬೆಳಕು ಹರಿದ ಮೇಲೆ ಪಿಕಳಾರ, ಕೆಂಬೂತ. ಕೆರೆ ಬದಿಯಲ್ಲಿ ನಿಮ್ಮನ್ನು ಕಂಡು ಗಲಾಟೆ ಎಬ್ಬಿಸುವುದು ಟಿಟ್ಟಿಭ. ಏಪ್ರಿಲ್-ಮೇ ಹೊತ್ತಿಗೆ ಅದು ನೆಲದ ಮೇಲೆಯೇ ಮೊಟ್ಟೆ ಇಟ್ಟಿರುತ್ತದೆ, ಆ ಕಡೆ ಕಾಲುದಾರಿ ಬಿಟ್ಟು ಇಳಿಯಬೇಡಿ. ತಿಂಗಳೊಪ್ಪತ್ತಿನಲ್ಲಿ ಕೂಗು ಕೇಳಿಯೇ ಗಂಟೆ ಎಷ್ಟೆಂದು ಅಂದಾಜು ಸಿಗುವಂತಾಗುತ್ತದೆ.

ಬೆಳಗಿನ ಗಾಳಿ ಶುದ್ಧ ಎನ್ನುವ ಮಾತು ಮಾತ್ರ ಪೂರ್ತಿ ನಿಜವಲ್ಲ. ಡಿಸೆಂಬರ್-ಫೆಬ್ರವರಿಯ ನಿಶ್ಶಬ್ದ ನಸುಕಿನಲ್ಲಿ ನೆಲದ ಹತ್ತಿರ ತಂಪು ಗಾಳಿ, ಅದರ ಮೇಲೆ ಬೆಚ್ಚನೆ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಮಂಡಕ್ಕಿ ಭಟ್ಟಿಯ ಹೊಗೆ, ಕಸಕ್ಕೆ ಹಚ್ಚಿದ ಬೆಂಕಿ, ಲಾರಿಯ ಹೊಗೆ ಎಲ್ಲವೂ ಆ ಮುಚ್ಚಳದ ಕೆಳಗೇ ನಿಲ್ಲುತ್ತವೆ. ಬಿಸಿಲು ಏರಿ ಒಂದೆರಡು ಗಂಟೆಯಾದ ಮೇಲೆ ಅದು ಕಲಕಿ ಮೇಲೆ ಹೋಗುತ್ತದೆ. ಬೀದಿದೀಪದ ಸುತ್ತ ಹೊಗೆಯ ಬಳೆ ಕಂಡರೆ ಆ ದಿನ ಭಟ್ಟಿ ಬದಿ ಮತ್ತು ಹೆದ್ದಾರಿ ಬದಿ ಬಿಡಿ. ಅಸ್ತಮಾ ಇರುವವರು ಆ ತಿಂಗಳುಗಳಲ್ಲಿ ಎಂಟೂವರೆಯ ನಂತರ ಓಡುವುದೇ ಲೇಸು.

ದಾರಿಯ ವಿಷಯದಲ್ಲಿ ನೀವು ಅದೃಷ್ಟವಂತರು. ಕುಂದವಾಡ ಕೆರೆಯ ಸುತ್ತಿನ ದಾರಿ ಸಮತಟ್ಟು, ವಾಹನ ಇಲ್ಲ, ಭದ್ರಾ ನಾಲೆಯಿಂದ ತುಂಬಿಸುವ ನೀರಿನ ಮೇಲಿಂದ ಗಾಳಿ ಬರುತ್ತದೆ. ಒಂದು ದಿನ ಬಲಸುತ್ತು, ಮರುದಿನ ಎಡಸುತ್ತು ಹಾಕಿ. ಕಾರಣ ಇದೆ: ಸದಾ ಒಂದೇ ಕಡೆ ತಿರುಗಿದರೆ, ಅಥವಾ ಮಧ್ಯ ಉಬ್ಬಿ ಅಂಚಿಗೆ ಇಳಿಜಾರಾದ ಡಾಂಬರು ರಸ್ತೆಯ ಒಂದೇ ಬದಿಯಲ್ಲಿ ಓಡಿದರೆ, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ವಾರಗಳ ಮೇಲೆ ಮೊಣಕಾಲಿನ ಹೊರಬದಿಯಲ್ಲಿ ಚುಚ್ಚು ನೋವು ಶುರುವಾಗುವುದಕ್ಕೆ ಇದೂ ಒಂದು ಕಾರಣ. ರಸ್ತೆಯಲ್ಲೇ ಓಡುವುದಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು, ಮೈಮೇಲೆ ತಿಳಿ ಬಣ್ಣದ ಅಂಗಿ, ಬೆಳಕಿಗೆ ಹೊಳೆಯುವ ಪಟ್ಟಿ ಇರಬೇಕು. ಭದ್ರಾ ನಾಲೆಯ ದಂಡೆಯೂ ಓಟಕ್ಕೆ ಹೇಳಿ ಮಾಡಿಸಿದ್ದು. ನಾಲೆಗೆ ನೀರು ನಿಧಾನ ಹರಿಯುವಷ್ಟೇ ಇಳಿಜಾರು ಬೇಕು, ಆದ್ದರಿಂದ ಅದರ ದಂಡೆಯಷ್ಟು ಮಟ್ಟಸ ದಾರಿ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಆದರೆ ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕೊಳಕುಮಂಡಲ. ನೆಲ ಚೆನ್ನಾಗಿ ಕಾಣುವ ಮೊದಲು ಆ ಕಡೆ ಹೋಗಬೇಡಿ. ಎರೆ ಹೊಲದ ದಾರಿ ಮಳೆಗಾಲದಲ್ಲಿ ಬೂಟಿಗೆ ಅರ್ಧ ಕಿಲೋ ಮಣ್ಣು ಅಂಟಿಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ಹೊರಳಿಸುತ್ತದೆ. ಎರಡು ಕಾಲದಲ್ಲೂ ಬೇಡ.

ಚಿತ್ರದುರ್ಗದ ಓದುಗರಿಗೆ ಒಂದು ಮಾತು. ನಿಮ್ಮ ಊರಲ್ಲಿ ಗಾಳಿಯೇ ಯಜಮಾನ. ಹೊರಡುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿ, ರೆಕ್ಕೆಯ ಮುಖ ಎತ್ತ ಇದೆಯೋ ಗಾಳಿ ಅತ್ತಲಿಂದ ಬರುತ್ತಿದೆ. ಮೊದಲ ಅರ್ಧ ಆ ಗಾಳಿಗೆ ಎದುರಾಗಿ ಓಡಿ, ವಾಪಸ್ಸು ಬೆನ್ನಿಗೆ ಗಾಳಿ. ಉಲ್ಟಾ ಮಾಡಿದರೆ ಬೆವತ ಮೈಗೆ, ದಣಿದ ಕಾಲಿಗೆ ಎದುರುಗಾಳಿ. ಏರು ದಾರಿಯಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಉಸಿರು ಅದೇ ಮಟ್ಟದಲ್ಲಿರಲಿ, ವೇಗ ಎಷ್ಟು ಬೇಕಾದರೂ ಬೀಳಲಿ. ಮೈಕೈ ನೋವಿಗೆ ಹೆಚ್ಚಿನ ಕಾರಣ ಏರಲ್ಲ, ಇಳುಕಲು. ಇಳಿಯುವಾಗ ತೊಡೆ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಜೋಗಿಮಟ್ಟಿ ರಸ್ತೆ ಎಷ್ಟೇ ಕರೆದರೂ ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಅದು ಕರಡಿ, ಚಿರತೆ ಇರುವ ಕಾಡು, ಅರಣ್ಯ ಇಲಾಖೆಯ ಗೇಟು ತೆರೆಯುವ ಹೊತ್ತೇ ನಿಮ್ಮ ಹೊತ್ತೂ ಆಗಿರಲಿ.

ನಾಯಿ ಎರಡೂ ಊರಿನ ಸಮಸ್ಯೆ. ಓಡುವುದನ್ನು ನಿಲ್ಲಿಸಿ, ಕಣ್ಣಿಟ್ಟು ನೋಡದೆ, ಬೆನ್ನು ತೋರಿಸದೆ ಅಡ್ಡಡ್ಡ ನಡೆದು ಅದರ ಗಡಿ ದಾಟಿ. ಕಚ್ಚಿದರೆ, ಹಲ್ಲು ತರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಲಸಿಕೆ ಶುರು ಮಾಡಬೇಕು. ಅರಿಶಿನ, ಸುಣ್ಣ ಏನೂ ಹಚ್ಚಬಾರದು.

ಹೊಟ್ಟೆಯ ಲೆಕ್ಕ ಸರಳ. ಎದ್ದ ಕೂಡಲೇ ಒಂದು ಲೋಟ, 200ರಿಂದ 250 ಮಿ.ಲೀ. ನೀರು. ಮುಕ್ಕಾಲು ಗಂಟೆಯೊಳಗಿನ ಓಟಕ್ಕೆ ತಿನ್ನುವುದು ಬೇಕಿಲ್ಲ. ತಲೆ ಹಗುರಾಗುತ್ತದೆ ಎನ್ನುವವರು ಅರ್ಧ ಬಾಳೆಹಣ್ಣು ತಿನ್ನಲಿ. ಅರ್ಧ ಲೋಟ ಕಾಫಿ ಕುಡಿದರೆ ಮಲಬದ್ಧತೆಯವರಿಗೆ ಅನುಕೂಲವೇ, ಆದರೆ ಹೊರಡುವ 20 ನಿಮಿಷ ಮೊದಲು ಕುಡಿಯಿರಿ, ಇಲ್ಲದಿದ್ದರೆ ಅನುಕೂಲ ದಾರಿಯಲ್ಲಿ ಆಗುತ್ತದೆ. ಎಷ್ಟು ಬೆವರುತ್ತೀರಿ ಎಂದು ತಿಳಿಯಬೇಕಾದರೆ ಒಂದು ದಿನ ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಅರ್ಧ ಲೀಟರ್ ನೀರು ಹೋಗಿದೆ. ಏಪ್ರಿಲ್-ಮೇನಲ್ಲಿ ಅದನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ತುಂಬಿಸಿ.

ಬೆಣ್ಣೆ ದೋಸೆಯ ಬಗ್ಗೆ ನೀವು ಕೇಳಿಲ್ಲ, ದಾವಣಗೆರೆಯವರಾಗಿ ಕೇಳದೆ ಇರಲಾರಿರಿ. ಓಟದಲ್ಲಿ ಒಂದು ಕಿಲೋಮೀಟರಿಗೆ, ದೇಹದ ಒಂದು ಕಿಲೋ ತೂಕಕ್ಕೆ, ಸುಮಾರು ಒಂದು ಕ್ಯಾಲೊರಿ ಖರ್ಚು. ನಿಮ್ಮ ಐದು ಕಿಲೋಮೀಟರಿಗೆ 370 ಆಯಿತು. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ನೂರು ಕ್ಯಾಲೊರಿ ಇದೆ, ಉಳಿದದ್ದನ್ನು ನೀವೇ ಕೂಡಿಸಿ. ತೂಕ ಇಳಿಸಲು ಓಡುವವರಿಗೆ ಇದು ಕಹಿ ಲೆಕ್ಕ. ಆದರೆ ಭಾನುವಾರದ ದೊಡ್ಡ ಓಟ ಮುಗಿಸಿ, ಕಾವಲಿಯ ಮೊದಲ ಸುತ್ತಿನ ದೋಸೆಗೆ ಕಾಯುವಾಗಿನ ಹಸಿವು ಬೇರೆ ಯಾವ ದಿನವೂ ಬಾರದು. ವಾರಕ್ಕೊಮ್ಮೆ ಅದನ್ನು ಉಳಿಸಿಕೊಳ್ಳಿ.

ಆಫೀಸಿನ ತೂಕಡಿಕೆಗೆ ಓಟ ಕಾರಣವಲ್ಲ, ರಾತ್ರಿ ಕಾರಣ. 5:15ಕ್ಕೆ ಏಳಬೇಕಾದರೆ 10:15ಕ್ಕೆ ನಿದ್ದೆ ಹತ್ತಿರಬೇಕು, ಹಾಸಿಗೆಗೆ ಹೋಗಿರುವುದಲ್ಲ. ಊಟ ಎಂಟೂವರೆಯೊಳಗೆ ಮುಗಿಯಲಿ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ನಾಲ್ಕರ ನಂತರ ಬೇಡ. ರಾತ್ರಿ ಹನ್ನೆರಡಾದ ದಿನ ಅಲಾರಂ ಆರಿಸಿ ಮಲಗಿಬಿಡಿ. ಐದು ಗಂಟೆ ನಿದ್ದೆಯ ಮೇಲೆ ಓಡುವುದಕ್ಕಿಂತ ಓಡದಿರುವುದು ಲಾಭ. ಬೆಳಗಿನ ಬೆಳಕು ಕಣ್ಣಿಗೆ ಬೀಳುತ್ತಾ ಹೋದಂತೆ ದೇಹದ ಗಡಿಯಾರ ತಾನೇ ಬೇಗ ಮಲಗಿ ಬೇಗ ಏಳುವ ಕಡೆಗೆ ಸರಿಯುತ್ತದೆ. ಒಂದೆರಡು ವಾರ ಕಳೆದು, ಹತ್ತು ಗಂಟೆಗೆ ಟಿ.ವಿ. ಮುಂದೆ ಕಣ್ಣು ಎಳೆಯತೊಡಗಿದರೆ ಅದನ್ನೂ ಸುಖದ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಕಲ್ಲಾದ ಮೀನಖಂಡಕ್ಕೆ ವೇಗದ ಜೊತೆ ಬೂಟನ್ನೂ ನೋಡಿ. ಬೂಟು ಕೊಳ್ಳುವುದು ಸಂಜೆ, ಪಾದ ಸ್ವಲ್ಪ ಊದಿರುವಾಗ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. 500ರಿಂದ 800 ಕಿ.ಮೀ. ಓಡಿದ ಮೇಲೆ ತಳದ ಮೆತ್ತೆ ಸತ್ತಿರುತ್ತದೆ, ಮೇಲ್ಭಾಗ ಹೊಸದರಂತೆ ಕಂಡರೂ. ಬೆಳಿಗ್ಗೆ ಹಾಸಿಗೆಯಿಂದ ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿಯ ಅಡಿ ಚುಚ್ಚಿದರೆ ಅದು ಅಂಗಾಲಿನ ಪಟ್ಟಿಯ ಊತದ ಸೂಚನೆ, ಓಟ ಅರ್ಧಕ್ಕಿಳಿಸಿ, ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಓಡುವಾಗ ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ಕಣ್ಣು ಕತ್ತಲೆ ಬಂದರೆ ಮಾತ್ರ ವಾರ ಕಾಯಬೇಡಿ, ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ. ನಲವತ್ತು ದಾಟಿದ್ದೀರಿ, ಮನೆಯಲ್ಲಿ ಯಾರಿಗಾದರೂ ಎಳವೆಯಲ್ಲೇ ಹೃದಯಾಘಾತ ಆಗಿದ್ದರೆ ಒಮ್ಮೆ ಇಸಿಜಿ ಮಾಡಿಸಿಯೇ ಮುಂದುವರಿಯಿರಿ.

ಇನ್ನು ಮುಂದಿನ ಆರು ವಾರ. ವಾರಕ್ಕೆ ನಾಲ್ಕು ದಿನ ಸಾಕು, ಎರಡು ದಿನ ಸತತ ಓಡಿದರೆ ಮೂರನೆಯದು ರಜೆ. ಮೊದಲ ಎರಡು ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಇದನ್ನು ಎಂಟು ಸಲ. ಮೂರು-ನಾಲ್ಕನೇ ವಾರ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಆರು ಸಲ. ಐದನೇ ವಾರ ಒಂಬತ್ತು ನಿಮಿಷಕ್ಕೆ ಒಂದು ನಿಮಿಷ, ಮೂರು ಸಲ. ಆರನೇ ವಾರದ ಕೊನೆಗೆ 5 ಕಿ.ಮೀ. 40 ನಿಮಿಷದಲ್ಲಿ, ನಿಲ್ಲದೆ, ಮಾತಾಡುತ್ತಾ ಮುಗಿಯಬೇಕು. ಯಾವುದಾದರೂ ವಾರ ಭಾರ ಅನಿಸಿದರೆ ಅದನ್ನೇ ಇನ್ನೊಮ್ಮೆ ಮಾಡಿ. ವಾರದಲ್ಲಿ ಒಂದು ದಿನ ಗಡಿಯಾರ, ಫೋನು ಎರಡನ್ನೂ ಮನೆಯಲ್ಲಿ ಬಿಟ್ಟು ಹೋಗಿ. ಹೂವಿನ ಬುಟ್ಟಿ ಇಳಿಸುವವರು, ಪೇಪರ್ ಜೋಡಿಸುವ ಹುಡುಗರು, ಹಾಲಿನ ಗಾಡಿ ಆ ದಿನ ಹೆಚ್ಚು ಕಾಣುತ್ತವೆ.

ಮನೆ ಇನ್ನೂ ಐದು ನಿಮಿಷದ ದಾರಿ ಇರುವಾಗಲೇ ನಡಿಗೆಗೆ ಇಳಿಯಿರಿ. ಓಡುವಾಗ ಮೀನಖಂಡವೇ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುವ ಪಂಪು, ಥಟ್ಟನೆ ನಿಂತರೆ ರಕ್ತ ಕೆಳಗೇ ಉಳಿದು ತಲೆ ಸುತ್ತುತ್ತದೆ. ಬಂದ ತಕ್ಷಣ ಸ್ನಾನಕ್ಕೆ ಹೋದರೆ ಒರೆಸಿಕೊಂಡ ಮೇಲೂ ಬೆವರು ಬರುತ್ತಲೇ ಇರುತ್ತದೆ, ಒಳಗಿನ ಬಿಸಿ ಇನ್ನೂ ಇಳಿದಿರುವುದಿಲ್ಲ. ಹದಿನೈದು ನಿಮಿಷ ಜಗಲಿಯ ಮೇಲೆ ಕೂತು, ಬೂಟು ಕಳಚಿ, ಬರಿ ಪಾದವನ್ನು ತಣ್ಣನೆ ನೆಲಕ್ಕೆ ಊರಿ.